ಪಂಚರ ಬಿಟ್ಟಿ ಚಾಕರಿ

ಮಂಗಳೂರಿನಲ್ಲಿ ಯಾವ ಕಾನೂನು ಅರಿವು ಕಾರ್ಯಕ್ರಮಕ್ಕೆ ಹೋದರೂ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ. ‘ನಮ್ಮ ಜನರಿಗೆ ನಾಗರಿಕ ಪ್ರಜ್ಞೆ ಇಲ್ಲ. ಪಂಚರಾಗಿ ಬನ್ನಿ ಎಂದರೆ ಜಾರಿಕೊಳ್ಳುತ್ತಾರೆ. ಬಂದವರೂ ಕೋರ್ಟಿನಲ್ಲಿ ಉಲ್ಟಾ ಹೊಡೆಯುತ್ತಾರೆ. ಕಳ್ಳರು ಬಿಡುಗಡೆಯಾಗುವುದು ಇವರ ದೆಸೆಯಿಂದ.’ ವೇದಿಕೆಯ ಮೇಲಿದ್ದವರು ಹೇಳುತ್ತಾರೆ, ಕೆಳಗೆ ಕುಳಿತವರು ತಲೆಯಾಡಿಸುತ್ತಾರೆ, ಚಹಾ ಕುಡಿಯುವ ಹೊತ್ತಿಗೆ ಅದು ಎಲ್ಲರೂ ಒಪ್ಪಿದ ಸತ್ಯವಾಗಿರುತ್ತದೆ. ಬಹಳ ವರ್ಷ ನಾನೂ ತಲೆಯಾಡಿಸಿದವನೇ. ಪಂಚನಾಗಿ, ಅಂದರೆ ಪೊಲೀಸರ ಶೋಧ, ಜಪ್ತಿಗೆ ಸಾಕ್ಷಿಯಾಗಿ, ಒಂದು ಮಹಜರಿಗೆ ಸಹಿ ಹಾಕಿದ ಮೇಲೆ ಆ ಅಭ್ಯಾಸ ಬಿಟ್ಟಿದ್ದೇನೆ.

ದಿನವಿಡೀ ದುಡಿಸಿಕೊಂಡು, ಕೂಲಿ ಕೊಡದೆ ಕಳಿಸಿ, ಆಮೇಲೆ ಆಳಿಗೆ ನಿಯತ್ತಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗುವ ಯಜಮಾನನನ್ನು ನಾವು ಏನೆಂದು ಕರೆಯುತ್ತೇವೆ? ಪಂಚರ ವಿಷಯದಲ್ಲಿ ನಮ್ಮ ವ್ಯವಸ್ಥೆ ಅಂಥ ಯಜಮಾನ. ನಾಗರಿಕ ಪ್ರಜ್ಞೆಯ ಪಾಠ ಅದರ ಬಾಯಿಂದ ಬರುವಂಥದ್ದಲ್ಲ.

ನನ್ನ ಕಥೆ ದೊಡ್ಡದೇನಲ್ಲ. ಒಂದು ಸಂಜೆ ನಗರದ ಒಂದು ಬಸ್ ತಂಗುದಾಣದಲ್ಲಿ ನಿಂತಿದ್ದೆ. ಪೊಲೀಸ್ ಒಬ್ಬರು ಬಂದು, ‘ಸರ್, ಒಂದು ಸಹಿ ಮಾತ್ರ. ಐದು ನಿಮಿಷ’ ಎಂದರು. ನನ್ನ ಹಾಗೆ ಸಿಕ್ಕಿಬಿದ್ದ ಇನ್ನೊಬ್ಬರು ಧಕ್ಕೆಯಿಂದ ಪುತ್ತೂರು, ಸುಳ್ಯದ ಕಡೆಗೆ ಮೀನು ಸಾಗಿಸುವ ಟೆಂಪೊ ಚಾಲಕ. ಒಬ್ಬ ಹುಡುಗನ ಚೀಲದಲ್ಲಿ ಕದ್ದವೆಂದು ಹೇಳಲಾದ ಐದು ಮೊಬೈಲ್ ಫೋನುಗಳು. ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು ಬರೆಯತೊಡಗಿದರು. ಒಂದೊಂದು ಫೋನಿಗೂ ಹದಿನೈದು ಅಂಕಿಗಳ ಐಎಂಇಐ ಸಂಖ್ಯೆ, ಬಣ್ಣ, ಕಂಪನಿ, ಅಂದಾಜು ಬೆಲೆ. ಐದು ನಿಮಿಷ ಮುಗಿಯುವಾಗ ಎರಡೂವರೆ ಗಂಟೆ ಆಗಿತ್ತು, ನನ್ನ ಊರಿನ ಕೊನೆಯ ಬಸ್ಸು ಹೋಗಿತ್ತು. ಪ್ರತಿ ಪುಟಕ್ಕೆ ಸಹಿ, ಅರಗಿನ ಮುದ್ರೆ ಹಾಕಿದ ಪೊಟ್ಟಣಗಳ ಮೇಲಿನ ಚೀಟಿಗೂ ಸಹಿ. ಬರೆದದ್ದನ್ನು ಯಾರೂ ಓದಿ ಹೇಳಲಿಲ್ಲ. ಓದಿ ಎಂದು ಕೇಳುವ ಧೈರ್ಯ ಕಾಲೇಜಿನಲ್ಲಿ ಪಾಠ ಹೇಳುವ ನನಗೇ ಬರಲಿಲ್ಲ, ಟೆಂಪೊದವರಿಗೆ ಎಲ್ಲಿಂದ ಬರಬೇಕು?

ನಾಲ್ಕು ವರ್ಷ ಕಳೆದ ಮೇಲೆ ಸಮನ್ಸ್ ಬಂತು. ಮೊದಲ ದಿನ ನ್ಯಾಯಾಧೀಶರು ರಜೆ. ಎರಡನೆಯ ದಿನ ಆರೋಪಿಯ ವಕೀಲರು ವಾಯಿದೆ ಕೇಳಿದರು. ಮೂರನೆಯ ದಿನ ಮುದ್ದೆಮಾಲು ಬಂದಿರಲಿಲ್ಲ. ನಾಲ್ಕನೆಯ ದಿನ ಸಂಜೆಯ ಹೊತ್ತಿಗೆ ನಮ್ಮ ಹೆಸರು ಕೂಗಿದರು. ನನಗೆ ನಾಲ್ಕೂ ದಿನ ಕಾಲೇಜಿನಿಂದ ಕರ್ತವ್ಯದ ರಜೆ ಸಿಕ್ಕಿತು, ಒಂದು ರೂಪಾಯಿ ಸಂಬಳ ಕಡಿತವಾಗಲಿಲ್ಲ. ಟೆಂಪೊದವರಿಗೆ ನಾಲ್ಕು ದಿನದ ಬಾಡಿಗೆ ಹೋಯಿತು. ಇಬ್ಬರೂ ಸಮಾನ ನಾಗರಿಕರು, ಒಂದೇ ಕಾಗದಕ್ಕೆ ಸಹಿ ಹಾಕಿದವರು. ಕರ್ತವ್ಯ ನನ್ನದು, ದಂಡ ಅವರದು.

ಕಟಕಟೆಯಲ್ಲಿ ವಕೀಲರು ಕೇಳಿದ್ದು: ಚೀಲದ ಬಣ್ಣ ಯಾವುದು? ಮಹಜರು ಎಷ್ಟು ಪುಟ? ಬರೆದವರು ಯಾರು? ಬೀದಿ ದೀಪ ಯಾವ ದಿಕ್ಕಿಗಿತ್ತು? ನಾನು ನೆನಪಿದ್ದಷ್ಟು ಹೇಳಿ, ಉಳಿದದ್ದಕ್ಕೆ ನೆನಪಿಲ್ಲ ಎಂದೆ. ಟೆಂಪೊದವರು ಹೆದರಿ ತುಳುವಿನಲ್ಲಿ ಒಂದೇ ಮಾತು ಹೇಳಿದರು: ‘ಎಂಕ್ ದಾಲಾ ಗೊತ್ತುಜ್ಜಿ.’ ನನಗೇನೂ ಗೊತ್ತಿಲ್ಲ. ಪ್ರತಿಕೂಲ ಸಾಕ್ಷಿ ಎಂದು ದಾಖಲಾಯಿತು. ಆರೋಪಿಗೆ ಸಹಾಯ ಮಾಡಲು ಸುಳ್ಳು ಹೇಳುತ್ತಿದ್ದೀರಿ ಎಂದು ಸರ್ಕಾರದ ಕಡೆಯವರೇ ಅವರಿಗೆ ಹೇಳಿದರು. ಹೊರಗೆ ಬಂದ ಮೇಲೆ ಅವರು ನನ್ನ ಹತ್ತಿರ, ‘ಜೂನ್, ಜುಲೈಯಲ್ಲಿ ಕರೆದಿದ್ದರೆ ಎಷ್ಟು ದಿನ ಬೇಕಾದರೂ ಬಂದು ಕೂರುತ್ತಿದ್ದೆ ಸರ್, ಆಗ ಹೇಗೂ ಬೋಟು ಕಡಲಿಗೆ ಇಳಿಯುವುದಿಲ್ಲ’ ಎಂದರು. ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ 61 ದಿನ ನಿಷೇಧ. ವರ್ಷದಲ್ಲಿ ಯಾವ ದಿನಗಳನ್ನು ತಾನು ಸರ್ಕಾರಕ್ಕೆ ಕೊಡಬಲ್ಲೆ ಎಂದು ಲೆಕ್ಕ ಇಟ್ಟುಕೊಂಡಿದ್ದ ಮನುಷ್ಯ ಅವರು. ಅವರಿಗೆ ನಾಗರಿಕ ಪ್ರಜ್ಞೆ ಇಲ್ಲ ಎನ್ನುವವರು ಆ ಲೆಕ್ಕವನ್ನು ಒಮ್ಮೆ ಕೇಳಬೇಕಿತ್ತು.

ಇದು ಒಂದು ಠಾಣೆಯ, ಒಂದು ಕೋರ್ಟಿನ ದೋಷವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ದೋಷ ಕಾನೂನಿನ ಕಟ್ಟಡದಲ್ಲೇ ಇದೆ. ಶೋಧ ಮಾಡುವ ಮುನ್ನ ಆ ಸ್ಥಳದ ‘ಗೌರವಾನ್ವಿತ’ರಾದ ಇಬ್ಬರು ಅಥವಾ ಹೆಚ್ಚು ನಿವಾಸಿಗಳನ್ನು ಕರೆಯಬೇಕು ಎಂದು 1898ರ ದಂಡ ಪ್ರಕ್ರಿಯಾ ಸಂಹಿತೆಯ 103ನೇ ಕಲಮು ಹೇಳಿತ್ತು. 1973ರ ಸಂಹಿತೆಯಲ್ಲಿ ಅದು ‘ಸ್ವತಂತ್ರ’ ಎಂಬ ಪದವನ್ನೂ ಸೇರಿಸಿಕೊಂಡು 100ನೇ ಕಲಮಾಯಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಮತ್ತೆ 103. ವಸಾಹತುಶಾಹಿಯ ಕುರುಹು ಅಳಿಸುತ್ತೇವೆ ಎಂದು ಹೆಸರು ಬದಲಿಸಿದವರು ಈ ವಾಕ್ಯವನ್ನು ಮಾತ್ರ ಜೋಪಾನವಾಗಿ ಎತ್ತಿಟ್ಟರು.

ಆ ವಾಕ್ಯದಲ್ಲಿ ಇಲ್ಲದಿರುವುದನ್ನು ನೋಡಿ. ಯಾರನ್ನು ಕರೆಯಬೇಕು ಎಂಬುದಕ್ಕೆ ಪಟ್ಟಿಯಿಲ್ಲ. ಎಷ್ಟು ಸಲ ಕರೆಯಬಹುದು ಎಂಬ ಮಿತಿಯಿಲ್ಲ. ಕೈಗೂಸು ಇರುವವರಿಗೆ, ರೋಗಿಯನ್ನು ನೋಡಿಕೊಳ್ಳುವವರಿಗೆ, ದಿನಗೂಲಿಯವರಿಗೆ ವಿನಾಯಿತಿಯಿಲ್ಲ. ಶೋಧವಾದ ಮನೆಯವರಿಗೆ ಪಟ್ಟಿಯ ಪ್ರತಿ ಕೊಡಬೇಕೆಂದು ಕಾನೂನು ಹೇಳುತ್ತದೆ, ಪಂಚನಿಗೆ ಕೊಡಬೇಕೆಂದು ಹೇಳುವುದಿಲ್ಲ. ನಾಲ್ಕು ವರ್ಷದ ಮೇಲೆ ಐಎಂಇಐ ಸಂಖ್ಯೆ ನೆನಪಿಸಿಕೊಳ್ಳಬೇಕಾದವನ ಕೈಯಲ್ಲಿ ಒಂದು ಚೂರು ಕಾಗದವೂ ಇರುವುದಿಲ್ಲ.

ಹಾಗಾಗಿ ಪಂಚರಾಗುವವರು ಯಾರು? ಕೈಗೆ ಸುಲಭವಾಗಿ ಸಿಗುವವರು. ಸ್ಟೇಟ್‌ಬ್ಯಾಂಕ್ ಬಳಿಯ ರಿಕ್ಷಾದವರು, ಬಂದರಿನ ಹಮಾಲಿಗಳು, ಗೂಡಂಗಡಿಯವರು, ಠಾಣೆಯ ಎದುರಿನ ಜೆರಾಕ್ಸ್ ಅಂಗಡಿಯ ಹುಡುಗ. ಕದ್ರಿಯಲ್ಲೋ ಬಿಜೈಯಲ್ಲೋ ಬಹುಮಹಡಿ ಕಟ್ಟಡದಲ್ಲಿ ಕಳವಾದರೆ ಪಂಚನಾಗಿ ಕೆಳಗಿಳಿದು ಬರುವವರು ಫ್ಲ್ಯಾಟಿನ ಯಜಮಾನರಲ್ಲ, ಗೇಟಿನ ವಾಚ್‌ಮನ್. ಗೌರವ ಮೇಲಿನ ಮಹಡಿಯಲ್ಲಿ, ಗೌರವಾನ್ವಿತ ಸಾಕ್ಷಿ ಗೇಟಿನಲ್ಲಿ. ಪೊಲೀಸರಿಗೆ ಪರಿಚಯದವರನ್ನೇ ಮತ್ತೆ ಮತ್ತೆ ಕರೆಯುವುದೂ ಉಂಟು. ಆಗ ಕೋರ್ಟಿನಲ್ಲಿ ಅವರನ್ನು ‘ಠಾಣೆಯ ಖಾಯಂ ಸಾಕ್ಷಿ’ ಎಂದು ಹೀಯಾಳಿಸಿ ನಂಬುವುದಿಲ್ಲ. ಬಂದರೂ ತಪ್ಪು, ಬಾರದಿದ್ದರೂ ತಪ್ಪು.

ಬಾರದಿದ್ದರೆ ಶಿಕ್ಷೆಯಿದೆ. ಹಳೆಯ ದಂಡ ಸಂಹಿತೆಯ 187ನೇ ಕಲಮಿನಲ್ಲಿ ಸಾರ್ವಜನಿಕ ನೌಕರನಿಗೆ ನೆರವು ನೀಡದವನಿಗೆ ಒಂದು ತಿಂಗಳವರೆಗಿನ ಸಾದಾ ಸಜೆ ಅಥವಾ 200 ರೂಪಾಯಿವರೆಗೆ ದಂಡ ಇತ್ತು. ಹೊಸ ನ್ಯಾಯ ಸಂಹಿತೆಯ 222ನೇ ಕಲಮು ಆ ದಂಡವನ್ನು 2500 ರೂಪಾಯಿಗೆ ಏರಿಸಿದೆ. ಬೆಲೆ ಏರಿದೆ, ದಂಡವೂ ಏರಬೇಕು, ಒಪ್ಪೋಣ. ಆದರೆ ಸಾಕ್ಷಿಯ ಖರ್ಚಿನ ವಿಷಯಕ್ಕೆ ಬಂದಾಗ ಕಾನೂನಿನ ಭಾಷೆ ಮೆತ್ತಗಾಗುತ್ತದೆ. ನ್ಯಾಯಾಲಯಕ್ಕೆ ಸೂಕ್ತವೆಂದು ಕಂಡರೆ, ಸರ್ಕಾರದ ನಿಯಮಗಳಿಗೆ ಒಳಪಟ್ಟು, ಸಮಂಜಸವಾದ ವೆಚ್ಚ ಕೊಡಿಸಬಹುದು. 1973ರಲ್ಲೂ ‘ಬಹುದು’, ಈಗಲೂ ‘ಬಹುದು’. ಕೇಳುವಾಗ ‘ತಕ್ಕದ್ದು’, ಕೊಡುವಾಗ ‘ಬಹುದು’. ಈ ಎರಡು ಪದಗಳ ನಡುವೆ ಟೆಂಪೊದವರ ನಾಲ್ಕು ದಿನದ ಬಾಡಿಗೆ ಕಳೆದುಹೋಯಿತು.

ಇದಕ್ಕೆ ನಮ್ಮ ಭಾಷೆಯಲ್ಲಿ ಹಳೆಯ ಹೆಸರೊಂದಿದೆ: ಬಿಟ್ಟಿ. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸುತ್ತದೆ. ಅದೇ ವಿಧಿಯ ಎರಡನೆಯ ಖಂಡ, ಸಾರ್ವಜನಿಕ ಉದ್ದೇಶಕ್ಕಾಗಿ ಸರ್ಕಾರ ಕಡ್ಡಾಯ ಸೇವೆ ವಿಧಿಸಬಹುದು ಎನ್ನುತ್ತದೆ. ಆದರೆ ಧರ್ಮ, ಜನಾಂಗ, ಜಾತಿ ಅಥವಾ ವರ್ಗದ ಕಾರಣಕ್ಕೇ ಭೇದ ಮಾಡಕೂಡದು ಎಂಬ ಕಟ್ಟೂ ಅಲ್ಲಿದೆ. ‘ವರ್ಗ’ ಎಂಬ ಪದವನ್ನು ಸಂವಿಧಾನ ಬರೆದವರು ಸುಮ್ಮನೆ ಸೇರಿಸಿರಲಿಕ್ಕಿಲ್ಲ. ಪಂಚರ ಆಯ್ಕೆ ಕಾಗದದಲ್ಲಿ ಎಲ್ಲರಿಗೂ ಒಂದೇ, ಬೀದಿಯಲ್ಲಿ ಒಂದೇ ವರ್ಗದವರಿಗೆ.

ಇಲ್ಲಿ ಒಂದು ಹಳೆಯ ಕಥೆಯನ್ನು ಎತ್ತಲೇಬೇಕು, ಏಕೆಂದರೆ ಎದುರಾಳಿಗಳ ಬತ್ತಳಿಕೆಯಲ್ಲಿ ಅದು ದೊಡ್ಡ ಬಾಣ. ‘ಜನಸಾಮಾನ್ಯರನ್ನು ನ್ಯಾಯದ ಕೆಲಸಕ್ಕೆ ಸೇರಿಸಿ ನೋಡಿದ್ದೇವೆ, ಜ್ಯೂರಿ ಇತ್ತಲ್ಲ, ನಾನಾವತಿ ಪ್ರಕರಣದಲ್ಲಿ ಅದರ ಹಣೆಬರಹ ಗೊತ್ತಾಯಿತು, ಅದಕ್ಕೇ ರದ್ದು ಮಾಡಿದರು’ ಎನ್ನುತ್ತಾರೆ. ಸಿನಿಮಾಗಳೂ ಇದನ್ನೇ ಹೇಳಿಕೊಟ್ಟಿವೆ. ತಾರೀಖು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಎಂ.ಸಿ. ಸೆಟಲ್ವಾಡ್ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಜ್ಯೂರಿ ಪದ್ಧತಿ ಬೇಡವೆಂದು ಶಿಫಾರಸು ಮಾಡಿದ್ದು 1958ರಲ್ಲಿ. ನೌಕಾದಳದ ಕಮಾಂಡರ್ ಕೆ.ಎಂ. ನಾನಾವತಿ ಗುಂಡು ಹಾರಿಸಿದ್ದು 1959ರ ಏಪ್ರಿಲ್‌ನಲ್ಲಿ. ಒಂಬತ್ತರಲ್ಲಿ ಎಂಟು ಜ್ಯೂರಿಗಳು ನಿರ್ದೋಷಿ ಎಂದಾಗ, ಅದನ್ನೊಪ್ಪದ ಸೆಷನ್ಸ್ ನ್ಯಾಯಾಧೀಶರು ಹೈಕೋರ್ಟಿಗೆ ಕಳಿಸಿದರು, ಹೈಕೋರ್ಟು ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಜ್ಯೂರಿ ತಪ್ಪಿದರೆ ತಿದ್ದುವ ದಾರಿ ಕಾನೂನಿನಲ್ಲೇ ಇತ್ತು, ಅದು ಕೆಲಸವನ್ನೂ ಮಾಡಿತು. ಆ ಬಳಿಕವೂ ಕೆಲವೆಡೆ ಜ್ಯೂರಿ ಉಳಿದು, ಪೂರ್ತಿ ಹೋದದ್ದು 1973ರ ಸಂಹಿತೆಯೊಂದಿಗೆ.

ಜ್ಯೂರಿಯನ್ನು ನಾನು ಪೂಜಿಸುತ್ತಿಲ್ಲ. 1908ರಲ್ಲಿ ಬಾಲಗಂಗಾಧರ ತಿಲಕರನ್ನು ರಾಜದ್ರೋಹಿ ಎಂದದ್ದು ಏಳು ಯುರೋಪಿಯನ್ನರೂ ಇಬ್ಬರು ಪಾರ್ಸಿಗಳೂ ಇದ್ದ ಜ್ಯೂರಿ, ಏಳಕ್ಕೆ ಎರಡು ಮತದಿಂದ. 1898ರ ಸಂಹಿತೆಯ ಪ್ರಕಾರ 21ರಿಂದ 60 ವರ್ಷದ ಗಂಡಸರು ಮಾತ್ರ ಜ್ಯೂರಿ ಇಲ್ಲವೇ ನ್ಯಾಯಾಧೀಶರಿಗೆ ಅಭಿಪ್ರಾಯ ಹೇಳುವ ಅಸೆಸರ್ ಆಗಬಹುದಿತ್ತು. ಅರ್ಧ ಲೋಕವನ್ನು ಹೊರಗಿಟ್ಟ ವ್ಯವಸ್ಥೆಯನ್ನು ಮರಳಿ ತನ್ನಿ ಎಂದು ಯಾರು ಕೇಳುತ್ತಾರೆ?

ಆದರೆ ಆ ವ್ಯವಸ್ಥೆಗೆ ಒಂದು ಮರ್ಯಾದೆ ಇತ್ತು. ಸೆಷನ್ಸ್ ನ್ಯಾಯಾಧೀಶರೂ ಕಲೆಕ್ಟರೂ ಸೇರಿ ಪಟ್ಟಿ ಮಾಡಬೇಕಿತ್ತು. ಪಟ್ಟಿಯನ್ನು ಪ್ರಕಟಿಸಿ, ಆಕ್ಷೇಪಗಳನ್ನು ಕೇಳಬೇಕಿತ್ತು. ಯಾರಿಗೆ ವಿನಾಯಿತಿ ಎಂಬುದನ್ನು ಬರೆದಿಟ್ಟಿದ್ದರು. ಕರೆಸಿಕೊಂಡವರೊಳಗೆ ಜ್ಯೂರಿಯನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ಮದ್ರಾಸ್ ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡ ಜಿಲ್ಲೆಗೂ ಅದೇ ಸಂಹಿತೆ. 1955ರ ತಿದ್ದುಪಡಿ ಅಸೆಸರ್‌ಗಳನ್ನು ಮನೆಗೆ ಕಳಿಸಿತು. ಮರುವರ್ಷ ನವೆಂಬರ್ 1ರಂದು ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿತು. ಹೊಸ ರಾಜ್ಯಕ್ಕೆ ಬಂದ ನಮ್ಮ ಪಾಲಿಗೆ ನ್ಯಾಯದಾನದಲ್ಲಿ ಉಳಿದ ಕೆಲಸ ಒಂದೇ, ಜೀಪಿನ ಬಾನೆಟ್ ಮೇಲೆ ಸಹಿ ಹಾಕುವುದು.

ನನ್ನ ತಕರಾರಿನ ತಿರುಳು ಇದೇ. ಜನರಿಗೆ ತೀರ್ಪು ಕೊಡುವ ಯೋಗ್ಯತೆ ಇಲ್ಲ ಎಂದು ಅಧಿಕಾರ ಕಿತ್ತುಕೊಂಡರು. ಚಾಕರಿಯನ್ನು ಮಾತ್ರ ಉಳಿಸಿಕೊಂಡರು. ಅಧಿಕಾರದ ಜೊತೆಗಿದ್ದ ಪಟ್ಟಿ, ಚೀಟಿ, ವಿನಾಯಿತಿ ಮೂರೂ ಹೋದವು. ಬೇರೆ ದೇಶಗಳಲ್ಲಿ ಜ್ಯೂರಿ ಕೆಲಸಕ್ಕೆ ಕರೆ ಬಂದವರು ‘ಇದು ನ್ಯಾಯವೇ’ ಎಂದು ಗೊಣಗುವುದುಂಟು. ಆದರೆ ಇಂಗ್ಲೆಂಡಿನಲ್ಲಿ ಮತದಾರರ ಪಟ್ಟಿಯಿಂದ ಲಾಟರಿಯಂತೆ ಹೆಸರು ಎತ್ತುತ್ತಾರೆ, ಕಳೆದುಕೊಂಡ ಸಂಪಾದನೆಗೆ ಮಿತಿಯೊಳಗೆ ಹಣ ಕೊಡುತ್ತಾರೆ. ಜಪಾನ್ 2009ರಲ್ಲಿ ಹೊಸದಾಗಿ ಆರಂಭಿಸಿದ ಪದ್ಧತಿಯಲ್ಲಿ ಮೂವರು ನ್ಯಾಯಾಧೀಶರ ಪಕ್ಕದಲ್ಲಿ ಆರು ಮಂದಿ ಸಾಮಾನ್ಯರು ಕೂರುತ್ತಾರೆ, ಶಿಕ್ಷೆಯನ್ನು ನಿರ್ಧರಿಸುವುದರಲ್ಲೂ ಅವರ ಮಾತಿದೆ. ಅವರ ಗೊಣಗಾಟ ಕುರ್ಚಿಯಲ್ಲಿ ಕುಳಿತವರದು. ನಮ್ಮ ಪಂಚರದು ಕಾರಿಡಾರಿನಲ್ಲಿ ನಿಂತವರ ಗೊಣಗಾಟ.

ನಿಂತವರು ಎಂಬುದು ಅಲಂಕಾರದ ಮಾತಲ್ಲ. 2000ದಲ್ಲಿ ಸ್ವರ್ಣ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಈ ಸ್ಥಿತಿಯನ್ನು ಬಣ್ಣಿಸಿದೆ. ಸಾಕ್ಷಿ ದೂರದಿಂದ ಕೈಯಿಂದ ಖರ್ಚು ಮಾಡಿ ಬರುತ್ತಾನೆ, ವಾಯಿದೆ ಎಂದು ಕೇಳಿ ಮರಳುತ್ತಾನೆ, ಕೂರಲು ಜಾಗವಿಲ್ಲ, ಕುಡಿಯಲು ನೀರಿಲ್ಲ. ಅಪರಾಧ ನ್ಯಾಯ ವ್ಯವಸ್ಥೆಯ ಸುಧಾರಣೆಯ ಬಗ್ಗೆ 2003ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ. ಸಾಕ್ಷಿಗೆ ಗೌರವ ಕೊಡಿ, ಕೂರಲು ಜಾಗ ಕೊಡಿ, ಭತ್ಯೆಯನ್ನು ಇಂದಿನ ಬೆಲೆಗೆ ತಕ್ಕಂತೆ ನಿಗದಿ ಮಾಡಿ ಎಂದು ಆ ಸಮಿತಿಯೂ ಹೇಳಿತು. ಜನರ ನಾಗರಿಕ ಪ್ರಜ್ಞೆಯನ್ನು ತೂಗುವವರು ಈ ಎರಡು ದಾಖಲೆಗಳನ್ನು ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಲಿ.

ಆಗಲಿಕ್ಕಿಲ್ಲ, ಇಷ್ಟು ದೊಡ್ಡ ದೇಶದಲ್ಲಿ ಪಟ್ಟಿ, ಲಾಟರಿ, ಭತ್ಯೆ ಎಲ್ಲ ಎಲ್ಲಿ ಸಾಧ್ಯ ಎನ್ನುತ್ತಾರೆ. ಚುನಾವಣೆ ಬಂದಾಗ ಹೇಗೆ ಸಾಧ್ಯವಾಗುತ್ತದೆ? ಮತಗಟ್ಟೆಯ ಸಿಬ್ಬಂದಿಯನ್ನು ಕಂಪ್ಯೂಟರ್ ಯಾದೃಚ್ಛಿಕವಾಗಿ ಆರಿಸುತ್ತದೆ, ಅದೂ ಒಂದಲ್ಲ, ಹಲವು ಸುತ್ತಿನಲ್ಲಿ. ಆದೇಶ ಲಿಖಿತವಾಗಿ ಕೈಗೆ ಬರುತ್ತದೆ. ತರಬೇತಿ ಇದೆ, ಬಸ್ಸಿದೆ, ಊಟವಿದೆ, ಗೌರವಧನವಿದೆ. ಕಾಯಿಲೆಯಿದ್ದವರು ಅರ್ಜಿ ಹಾಕಿ ವಿನಾಯಿತಿ ಕೇಳಬಹುದು. ನಾನೂ ಆ ಕೆಲಸ ಮಾಡಿದ್ದೇನೆ, ಸೊಳ್ಳೆ ಕಚ್ಚಿಸಿಕೊಂಡು ಶಾಲೆಯ ಬೆಂಚಿನ ಮೇಲೆ ಮಲಗಿದ್ದೇನೆ. ಆದರೆ ಅನ್ಯಾಯವಾಯಿತು ಎಂದು ಅನ್ನಿಸಿಲ್ಲ. ನನ್ನ ಹೆಸರು ಬಂದ ದಾರಿಯಲ್ಲೇ ಪಕ್ಕದವರ ಹೆಸರೂ ಬಂದಿತ್ತು. ಸರ್ಕಾರಕ್ಕೆ ಮತದಾನ ಬೇಕಾದಾಗ ಬರುವ ಬುದ್ಧಿ ಸಾಕ್ಷಿ ಬೇಕಾದಾಗ ಎಲ್ಲಿ ಹೋಗುತ್ತದೆ?

ಇನ್ನೊಂದು ವಾದ: ‘ಈಗ ಎಲ್ಲ ವಿಡಿಯೊ ಬಂದಿದೆ, ಪಂಚರ ಕಷ್ಟ ಮುಗಿಯಿತು.’ ಹೊಸ ಸಂಹಿತೆಯ 105ನೇ ಕಲಮಿನಂತೆ ಶೋಧ, ಜಪ್ತಿಗಳನ್ನು ಮೊಬೈಲಿನಲ್ಲಾದರೂ ಚಿತ್ರೀಕರಿಸಿ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಒಳ್ಳೆಯದೇ. ಆದರೆ ಆ ಕಲಮನ್ನು ಪೂರ್ತಿ ಓದಿದರೆ, ಸಾಕ್ಷಿಗಳು ಪಟ್ಟಿಗೆ ಸಹಿ ಹಾಕುವುದನ್ನೂ ಚಿತ್ರೀಕರಿಸಬೇಕು ಎಂದಿದೆ. ಪಂಚ ಹೋಗಿಲ್ಲ, ಪಂಚನ ಎದುರಿಗೆ ಕ್ಯಾಮೆರಾ ಬಂದಿದೆ, ಅಷ್ಟೆ. ಇತ್ತ ಸುಪ್ರೀಂ ಕೋರ್ಟು ಸ್ವತಂತ್ರ ಸಾಕ್ಷಿ ಇಲ್ಲವೆಂಬ ಒಂದೇ ಕಾರಣಕ್ಕೆ ಪೊಲೀಸರ ಸಾಕ್ಷ್ಯವನ್ನು ತಳ್ಳಿಹಾಕಬೇಕಿಲ್ಲ ಎಂದು ಮತ್ತೆ ಮತ್ತೆ ಹೇಳುತ್ತ ಬಂದಿದೆ. ಪಂಚನಿಲ್ಲದೆಯೂ ಪ್ರಕರಣ ನಿಲ್ಲಬಹುದು ಎಂದಾದರೆ ಅವನನ್ನು ಬೀದಿಯಿಂದ ಎಳೆದು ತರುವುದು ಯಾಕೆ? ಅವನು ಬೇಕೇ ಬೇಕು ಎಂದಾದರೆ ಅವನ ದಿನಕ್ಕೆ ಬೆಲೆ ಕೊಡದಿರುವುದು ಯಾಕೆ? ಎರಡರಲ್ಲಿ ಒಂದಕ್ಕೆ ಉತ್ತರ ಬೇಕು.

ಹಣ ಕೊಟ್ಟರೆ ಸಾಕ್ಷಿಯನ್ನು ಕೊಂಡಂತಾಗುತ್ತದೆ ಎಂಬ ಮಾತೂ ಕೇಳಿದ್ದೇನೆ. ನ್ಯಾಯಾಧೀಶರಿಗೆ ಸಂಬಳವಿದೆ, ಸರ್ಕಾರಿ ವಕೀಲರಿಗಿದೆ, ತನಿಖಾಧಿಕಾರಿಗಿದೆ, ನಾಲ್ಕು ದಿನ ಕಾರಿಡಾರಿನಲ್ಲಿ ನಿಂತ ನನಗೂ ಇತ್ತು. ಇವರು ಯಾರೂ ಮಾರಾಟವಾಗುವುದಿಲ್ಲ, ಟೆಂಪೊದವರು ಮಾತ್ರ ಒಂದು ದಿನದ ಕೂಲಿಗೆ ಮಾರಾಟವಾಗುತ್ತಾರೆ ಎನ್ನುವುದು ವಾದವಲ್ಲ, ಬಡವರ ಬಗ್ಗೆ ಇರುವ ತಾತ್ಸಾರ. ನಿಜ ಹೇಳಬೇಕೆಂದರೆ ಖರ್ಚಿಗೆ ಕಾಸಿಲ್ಲದ ಸಾಕ್ಷಿಯನ್ನು ಕೊಳ್ಳುವುದೇ ಸುಲಭ. ಆರೋಪಿಯ ಕಡೆಯವರು ಕೊಡಿಸಿದ ಒಂದು ಊಟವೂ ಅಲ್ಲಿ ಭಾರವಾಗುತ್ತದೆ.

ತುಳುನಾಡಿನಲ್ಲಿ ಸತ್ಯ ಹೇಳಲು ಜನರು ಹೆದರುವುದಿಲ್ಲ. ಕೋರ್ಟಿನಲ್ಲಿ ಬಾಯಿ ಬಿಡದವರು ದೈವದ ಮುಂದೆ ಸುಳ್ಳಾಡಲು ಅಂಜುತ್ತಾರೆ. ಕಾಸರಗೋಡಿನ ಕಾನತ್ತೂರಿನ ದೈವಗಳ ಬಳಿಗೆ ದೂರು ಹೋಗಿದೆ ಎಂದರೆ ಎಷ್ಟೋ ಜಗಳಗಳು ದಾರಿಯಲ್ಲೇ ಇತ್ಯರ್ಥವಾಗುತ್ತವೆ. ಅಲ್ಲಿ ಜನರನ್ನು ಹೆಸರು ಹಿಡಿದು ಕರೆಯುತ್ತಾರೆ, ಅವರ ಭಾಷೆಯಲ್ಲಿ ಮಾತಾಡುತ್ತಾರೆ, ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾರೆ. ನಂಬಿಕೆಯ ಮಾತು ಬದಿಗಿರಲಿ. ಕೇಳಿಸಿಕೊಳ್ಳುವ ಈ ರೀತಿಯನ್ನಾದರೂ ಕೋರ್ಟು ಕಲಿಯಬಹುದಲ್ಲ.

ಆಗಬೇಕಾದ್ದು ಅಸಾಧ್ಯವಾದದ್ದಲ್ಲ. ಮಂಗಳೂರು ಮಹಾನಗರ ಪಾಲಿಕೆಯಲ್ಲಿ 60 ವಾರ್ಡುಗಳಿವೆ. ವಾರ್ಡುವಾರು ಮತದಾರರ ಪಟ್ಟಿಯಿಂದ ಪ್ರತಿ ವರ್ಷ ಪಂಚರ ಪಟ್ಟಿ ಎತ್ತಲಿ, ಪ್ರಕಟಿಸಲಿ, ವಿನಾಯಿತಿಯ ಅರ್ಜಿ ಕೇಳಲಿ. ಒಮ್ಮೆ ಪಂಚರಾದವರನ್ನು ಕೆಲವು ವರ್ಷ ಬಿಟ್ಟುಬಿಡಲಿ. ಅವಸರದ ಶೋಧಕ್ಕೆ ಪಟ್ಟಿಯವರು ಸಿಗದಿದ್ದರೆ ಬೀದಿಯವರನ್ನು ಕರೆಯಲಿ, ಕಾರಣ ಬರೆದಿಡಲಿ. ಮಹಜರನ್ನು ಪಂಚರಿಗೆ ತಿಳಿಯುವ ಭಾಷೆಯಲ್ಲಿ, ತುಳುವಾಗಲಿ ಕೊಂಕಣಿಯಾಗಲಿ ಬ್ಯಾರಿಯಾಗಲಿ, ಓದಿ ಹೇಳಿ ಒಂದು ಪ್ರತಿ ಕೈಗೆ ಕೊಡಲಿ. ಹೊಸ ಸಂಹಿತೆಯ 530ನೇ ಕಲಮು ಸಾಕ್ಷಿ ವಿಚಾರಣೆಯನ್ನು ವಿದ್ಯುನ್ಮಾನ ವಿಧಾನದಲ್ಲೂ ನಡೆಸಲು ಅವಕಾಶ ಕೊಟ್ಟಿದೆ. ಸಹಿ ಹಾಕಿದ ಪಂಚನಿಗೆ ಮೊದಲು ಆ ಅನುಕೂಲ ಸಿಗಲಿ. ಬಂದ ದಿನದ ಕನಿಷ್ಠ ಕೂಲಿ ಸಂಜೆಯೊಳಗೆ ಖಾತೆಗೆ ಬೀಳಲಿ. ವಾಯಿದೆ ಕೇಳಿದವರಿಂದಲೇ ಆ ಹಣ ವಸೂಲಾದರೆ ವಾಯಿದೆಗಳೂ ಕಡಿಮೆಯಾದಾವು.

ಅಲ್ಲಿಯವರೆಗೆ ಓದುಗರಿಗೆ ಒಂದು ಮಾತು. ಪಂಚರಾಗಿ ಬನ್ನಿ ಎಂದರೆ ಓಡಬೇಡಿ. ನಿಮ್ಮ ಕಣ್ಣೆದುರಿನ ಸತ್ಯಕ್ಕೆ ನೀವಲ್ಲದೆ ಬೇರೆ ಸಾಕ್ಷಿಯಿಲ್ಲ. ಆದರೆ ಕಾನೂನಿನಲ್ಲಿ ಇನ್ನೊಂದು ಸಾಲಿದೆ, ಅದನ್ನು ಯಾರೂ ಹೇಳಿಕೊಡುವುದಿಲ್ಲ: ಶೋಧಕ್ಕೆ ಪಂಚನಾಗಲು ಒಪ್ಪದಿರುವುದು ಅಪರಾಧವಾಗುವುದು ಲಿಖಿತ ಆದೇಶ ಕೈಗೆ ಕೊಟ್ಟ ಮೇಲೆ, ಅದೂ ತಕ್ಕ ಕಾರಣವಿಲ್ಲದಿದ್ದರೆ ಮಾತ್ರ. ಆದ್ದರಿಂದ ಆದೇಶವನ್ನು ಬರೆದು ಕೊಡಿ ಎಂದು ಕೇಳಿ. ಬರೆದದ್ದನ್ನು ಓದಿ ಹೇಳಿ ಎನ್ನಿ. ಸಹಿ ಹಾಕುವ ಮುನ್ನ ಪ್ರತಿ ಪುಟದ ಚಿತ್ರ ತೆಗೆದುಕೊಳ್ಳಲು ಅನುಮತಿ ಕೇಳಿ. ಅಂದು ನಾನು ಇದರಲ್ಲಿ ಒಂದನ್ನೂ ಕೇಳಲಿಲ್ಲ. ಕೇಳಿದ್ದರೆ ಟೆಂಪೊದವರೂ ಕೇಳುತ್ತಿದ್ದರು.